ಗೂಡಿನೊಳಗೆ ಮಿಸ್ ಬ್ಯಾರಕ್ಲೋ

"ಇಂಗ್ಲಿಷರ ಸಂಗೀತಾನ ನಾನು ಕಣ್ಣು ಮುಚ್ಕೊಂಡು ಹಿಡಿದುಬಿಡ್ತೀನಿ. ಒದ್ದೆ ಉಣ್ಣೆ ವಾಸನೆ ಹೊಡೆಯುತ್ತೆ ಅದು."

ಉಣ್ಣೆ ಗಿರಣಿಗಳ ಊರು ಕ್ರಾಗ್‌ಡೆನ್ನಿನ ಸಂಗೀತ ಸಂಘದ ಅಧ್ಯಕ್ಷ ಡೆಸ್ಮಂಡ್ ಫೇರ್‌ಬರ್ನ್ ತುಂಬಿದ ಸಭೆಯಲ್ಲಿ ಹೀಗೆ ಹೇಳಿ ಕೋಟಿನ ತೋಳು ಕೊಡವಿಕೊಂಡಾಗ ಥೆಲ್ಮಾ ಆಕ್ರಾಯ್ಡ್‌ಗೆ ಸಿಟ್ಟಿಗಿಂತ ಮೊದಲು ನಗು ಬಂತು. ಆ ಒದ್ದೆ ಉಣ್ಣೆಯ ಗಿರಣಿಯಿಂದಲೇ ಅವನ ತಾತ ಗುಡ್ಡದ ನೆತ್ತಿಯ ಮೇಲೆ ಸಾಲು ಚಿಮಣಿಯ ಬಂಗಲೆ ಕಟ್ಟಿಸಿದ್ದು. ಆ ಒದ್ದೆ ಉಣ್ಣೆಯನ್ನು ಬಾಚಿ ಬಾಚಿಯೇ ಅವಳ ಅಪ್ಪನ ಬೆರಳುಗಳು ಸೊಟ್ಟಗಾಗಿದ್ದು.

ಅಷ್ಟಕ್ಕೂ ಅವಳು ಕೇಳಿದ್ದು ದೊಡ್ಡದೇನಲ್ಲ. ಸಂಘಕ್ಕೆ ಐವತ್ತು ತುಂಬುತ್ತಿತ್ತು. ಊರಿನ ಮಗಳು, ಹೊರಗೆ ಹೆಸರು ಮಾಡಿದವಳು ಎಂದು ಹಬ್ಬದ ಪಿಯಾನೊ ಕಛೇರಿಗೆ ಅವಳನ್ನೇ ಕರೆದಿದ್ದರು. ಅವಳು ಬಂದವಳೇ, "ಮೊದಲರ್ಧ ನೀವು ಹೇಳಿದ್ದು ನುಡಿಸ್ತೀನಿ. ಉಳಿದರ್ಧ ಮಿಸ್ ಬ್ಯಾರಕ್ಲೋ ಬರೆದ ಸೊನಾಟಾ," ಎಂದಿದ್ದಳು. ಅಷ್ಟೇ.

ಎನಿಡ್ ಬ್ಯಾರಕ್ಲೋ ಎಂದರೆ ಕೆಳಬೀದಿಯಲ್ಲಿ ಮೂರು ತಲೆಮಾರಿನ ಮಕ್ಕಳಿಗೆ ಪಿಯಾನೊ ಹೇಳಿಕೊಟ್ಟ ಟೀಚರು. ಥೆಲ್ಮಾಳಿಗೂ ಮೊದಲ ಗುರು ಅವರೇ. ಗಿರಣಿಗಳಿಗೆ ಬೀಗ ಬಿದ್ದು ಊರೆಲ್ಲ ಬ್ರೆಡ್ಡಿಗೆ ಹಂದಿಕೊಬ್ಬು ಸವರಿಕೊಂಡು ದಿನ ತಳ್ಳುತ್ತಿದ್ದ ಚಳಿಗಾಲದಲ್ಲಿ ಅವರು ಪಿಯಾನೊಗೆಂದು ಹಲವು ಭಾಗಗಳ ಈ ಸೊನಾಟಾ ಬರೆದಿದ್ದರು. ಅಚ್ಚು ಹಾಕಿಸಲು ಲಂಡನ್ನಿಗೆ ಕಳಿಸಿದ್ದರು. "ಹಳ್ಳಿಗಾಡಿನ ಹೆಂಗಸಿನ ಶ್ರದ್ಧೆ ಮೆಚ್ಚತಕ್ಕದ್ದು" ಎಂಬ ಒಂದು ಸಾಲಿನೊಂದಿಗೆ ಅದು ವಾಪಸು ಬಂದಿತ್ತು. ಅವರು ಆ ಹಾಳೆಗಳನ್ನು ಪಿಯಾನೊ ಮುಂದಿನ ಸ್ಟೂಲಿನ ದಿಂಬಿನೊಳಗೆ ತುರುಕಿ, ಅಂದಿನಿಂದ ಅದರ ಮೇಲೇ ಕೂತು ಪಾಠ ಹೇಳಿದರು. ಥೆಲ್ಮಾ ಎಷ್ಟೋ ಸಲ ಕೇಳಿದ್ದಳು, ಪ್ರಾಗ್‌ನಲ್ಲಿ ನುಡಿಸಲಾ, ಆಸ್ಲೋದಲ್ಲಿ ನುಡಿಸಲಾ ಎಂದು. "ಮೊದಲು ಕ್ರಾಗ್‌ಡೆನ್ ಕೇಳಬೇಕು. ಇಲ್ಲೇ ಹುಟ್ಟಿದ್ದು ಅದು. ಇಲ್ಲಿ ಬೇಡವಾದ್ರೆ ನನ್ನ ಜೊತೆ ಮಣ್ಣಿಗೆ ಬರಲಿ," ಎನ್ನುತ್ತಿದ್ದರು. ಈಗ ಅವರಿಗೆ ಎಂಬತ್ತಾರು. ಈ ಹಬ್ಬ ತಪ್ಪಿದರೆ ಮುಂದಿನ ಹಬ್ಬಕ್ಕೆ ಕಾಯುತ್ತಾ ಕೂರುವ ವಯಸ್ಸಲ್ಲ ಅದು.

ಥೆಲ್ಮಾಳ ಕಸುಬೆಲ್ಲ ಈ ಒಂದೇ ಜಗಳ. ಲಂಡನ್ನಿನಲ್ಲಿ ಅವಳಿಗೆ ಕಛೇರಿ ಹುಡುಕಿಕೊಡುತ್ತಿದ್ದ ಏಜೆಂಟ್ ಮೊದಲ ದಿನವೇ ಬುದ್ಧಿ ಹೇಳಿದ್ದ: "ನೋಡಮ್ಮಾ, ಜನಕ್ಕೆ ಬೀಥೋವನ್ ಬೇಕು, ಶೋಪಾನ್ ಬೇಕು. ನಮ್ಮವರದ್ದು ಊಟ ಆದ್ಮೇಲೆ ಟೀ ಜೊತೆ ಕೊಡೋ ಬಿಸ್ಕತ್ತು." ಅವಳು ಬಿಸ್ಕತ್ತನ್ನೇ ಊಟಕ್ಕೆ ಬಡಿಸುತ್ತೇನೆಂದು ಹೊರಟಳು. ಮೂವತ್ತು ವರ್ಷ ಬಡಿಸಿದಳು. ಸತ್ತು ಮರೆತುಹೋದ ಸ್ಕಾಟ್ಲೆಂಡಿನ ಚರ್ಚು ವಾದಕರು, ವೇಲ್ಸಿನ ಶಾಲಾ ಮಾಸ್ತರರು, ಗಂಡನ ಹೆಸರಿನಲ್ಲಿ ಅಚ್ಚು ಹಾಕಿಸಿದ ಹೆಂಗಸರು, ಎಲ್ಲರನ್ನೂ ಧೂಳು ಕೊಡವಿ ಎಬ್ಬಿಸಿದಳು. ವಿಯೆನ್ನಾದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತನ್ನ ದೇಶದಲ್ಲಿ ಮಾತ್ರ ಎಷ್ಟೋ ಸಂಜೆ ಖಾಲಿ ಕುರ್ಚಿಗಳಿಗೆ ನುಡಿಸಿ, ಹಾಲ್ ಗುಡಿಸುವವನಿಂದ "ಚೆನ್ನಾಗಿತ್ತು ಕಣಮ್ಮಾ, ನಾನು ಪೊರಕೆ ಕೆಳಗಿಟ್ಟು ಕೇಳ್ದೆ" ಎನಿಸಿಕೊಂಡು ಮನೆಗೆ ಹೋದಳು. ಅದನ್ನೇ ದೊಡ್ಡ ಬಿರುದೆಂದು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು.

ಒಂದು ವಿಷಯ ಮಾತ್ರ ಅವಳಿಗೆ ಇವತ್ತಿಗೂ ಅರ್ಥವಾಗಿರಲಿಲ್ಲ. ಅರ್ಧ ಜಗತ್ತನ್ನು ಆಳುವಾಗ, ದೋಚುವಾಗ ನಾಚದ ಜನ ತಮ್ಮದೇ ಹಾಡು ಕೇಳಿದರೆ ಮಾತ್ರ ಯಾಕೆ ಮುಖ ಮುಚ್ಚಿಕೊಳ್ಳುತ್ತಾರೆ? ಬಂಗಲೆಯವರ ಕಿವಿಗೆ ಕೆಳಬೀದಿಯ ಸದ್ದು ಕೇಳಬಾರದು ಎಂಬ ಕಾರಣ ಬಿಟ್ಟರೆ ಅವಳಿಗೆ ಬೇರೆ ಹೊಳೆಯುತ್ತಿರಲಿಲ್ಲ.

"ಕಣ್ಣು ಮುಚ್ಕೊಂಡು ಹಿಡೀತೀರಾ, ಫೇರ್‌ಬರ್ನ್ ಸಾಹೇಬ್ರೇ?" ಎಂದು ಸಭೆಯ ಹಿಂದಿನ ಸಾಲಿನಿಂದ ಒಂದು ದಪ್ಪ ದನಿ ಎದ್ದಿತು. ಥೆಲ್ಮಾಳ ಸೋದರಮಾವ ಆರ್ನಲ್ಡ್ ಹೆಲಿವೆಲ್. ಊರಿನ ಹಿತ್ತಾಳೆ ಬ್ಯಾಂಡಿನಲ್ಲಿ ಅತಿ ದೊಡ್ಡ ಕೊಳವೆ ಊದುವವನು, ಹೊಟ್ಟೆಯೂ ಅದರದೇ ಅಳತೆ. "ಹಾಗಾದ್ರೆ ಒಂದು ಕೆಲಸ ಮಾಡೋಣ. ನಮ್ಮ ಗೂಡು ತರ್ತೀವಿ. ನೀವು ಒಳಗೆ ಕೂತ್ಕೊಳ್ಳಿ. ನಮ್ಮ ಹುಡುಗಿ ನಾಲ್ಕು ನುಡಿಸ್ತಾಳೆ. ಮೂರು ಹೊರಗಿನವರದ್ದು, ಒಂದು ಮಿಸ್ ಬ್ಯಾರಕ್ಲೋದು. ಯಾವುದು ಅಂತ ಹೇಳಿಬಿಡಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಗೂಡು ಎಂದರೆ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಬ್ಯಾಂಡುಗಳ ಪಂದ್ಯದಲ್ಲಿ ತೀರ್ಪುಗಾರರನ್ನು ಹಾಲ್ ನಡುವೆ, ನಾಲ್ಕೂ ಕಡೆ ಕರಿಬಟ್ಟೆ ಇಳಿಬಿಟ್ಟ ಮರದ ಗೂಡಿನೊಳಗೆ ಕೂರಿಸುತ್ತಾರೆ. ಊದುತ್ತಿರುವುದು ಯಾವ ಊರಿನ ಬ್ಯಾಂಡು ಎಂದು ಅವರಿಗೆ ಗೊತ್ತಾಗಬಾರದು. ಒಬ್ಬನೇ ಇದ್ದರೆ ಬಟ್ಟೆ ಸರಿಸಿ ಇಣುಕಿಯಾನೆಂದು ಯಾವಾಗಲೂ ಇಬ್ಬರನ್ನು ಕೂರಿಸುತ್ತಾರೆ. ಒಳಗೆ ಮಾತಾಡುವ ಹಾಗಿಲ್ಲ. ಒಳಗಿನಿಂದ ಸೀಟಿ ಕೇಳಿದರೆ ಹೊರಗೆ ಶುರು ಮಾಡಬೇಕು. ಮುಗಿಯುವ ತನಕ ಹೊರಗಿನ ಜನ ಕೆಮ್ಮಿದರೂ ಪಾಪ.

ಫೇರ್‌ಬರ್ನ್ ಸುತ್ತ ನೋಡಿದ. ಇಷ್ಟು ಜನರ ಮುಂದೆ ಹಿಂದೆಗೆದರೆ ಮಾಂಸದಂಗಡಿಯಿಂದ ಚರ್ಚಿನ ತನಕ ಅದೇ ಮಾತಾಗುತ್ತದೆ. "ಆಗಲಿ. ಹೇಳಿದ್ದು ಸರಿಯಾದ್ರೆ ಕಛೇರಿ ಪೂರ್ತಿ ನನ್ನ ಪಟ್ಟಿ. ತಪ್ಪಾದ್ರೆ ನಿಮ್ಮ ಸೊನಾಟಾ. ನನ್ನ ಜೊತೆ ಪಾದ್ರಿಗಳು ಕೂರ್ತಾರೆ," ಎಂದ.

"ಮಾವಾ, ಯಾರು ಕೇಳಿದ್ರು ನಿನ್ನ?" ಎಂದು ಥೆಲ್ಮಾ ಹೊರಗೆ ಬಂದು ಅವನ ತೋಳು ಚಿವುಟಿದಳು.

"ನಿನ್ನ ವಕಾಲತ್ತು ನೋಡ್ತಾ ಕೂತ್ರೆ ಆ ಮುದುಕಿ ಹೆಣದ ಪೆಟ್ಟಿಗೆಯೊಳಗೆ ಮಲಗಿ ಕೇಳಬೇಕಾಗುತ್ತೆ ಕಣೇ. ನಡಿ, ಮೊದಲು ಬಟಾಣಿ, ಮಾಂಸದ ಪೈ ತಿನ್ನೋಣ."

ಶನಿವಾರ ಮಧ್ಯಾಹ್ನ ಕಾರ್ಮಿಕರ ಹಾಲ್ ಕಿಕ್ಕಿರಿದಿತ್ತು. ಬ್ಯಾಂಡಿನವರು ಗೂಡನ್ನು ನಡುವೆ ನಿಲ್ಲಿಸಿ, ಬಟ್ಟೆಗೆ ಇಸ್ತ್ರಿ ಕೂಡ ಹೊಡೆಸಿದ್ದರು. ಮೂಲೆಯಲ್ಲಿ ಟೀ ಹಂಡೆ ಕುದಿಯುತ್ತಿತ್ತು. ಆರ್ನಲ್ಡ್ ಬ್ಯಾಂಡಿನ ಕೆಂಪು ಅಂಗಿ ಹಾಕಿಕೊಂಡು, ಕೊಳವೆಯ ಬಾಯೊಳಗೆ ನಾಲ್ಕು ಚೀಟಿ ಹಾಕಿ ಎತ್ತಿಸಿ, ಯಾವುದರ ಹಿಂದೆ ಯಾವುದು ಎಂದು ಬರೆದು ಮುಚ್ಚಿದ ಲಕೋಟೆಯನ್ನು ಟೋಪಿಯೊಳಗಿಟ್ಟು ಟೋಪಿಯನ್ನು ತಲೆಯ ಮೇಲಿಟ್ಟುಕೊಂಡಿದ್ದ. ಇನ್ನು ಆ ಸರದಿ ಬದಲಾಗುವ ಹಾಗಿರಲಿಲ್ಲ. ಮೊದಲು ವಿಯೆನ್ನಾದ ಒಂದು ರಚನೆ, ಎರಡನೆಯದು ಬ್ಯಾರಕ್ಲೋ ಸೊನಾಟಾದ ಕೊನೆಯ ಭಾಗ, ಮೂರನೆಯದು ಪ್ಯಾರಿಸ್, ನಾಲ್ಕನೆಯದು ಲೈಪ್‌ಜಿಗ್ಗಿನ ಯಾವನೋ ಮಾಸ್ತರನ ನಿಧಾನದ ರಚನೆ. ಹೊರಗಿನ ಮೂರೂ ಯಾರೂ ಕೇಳಿರದವು. ಮರೆತವರನ್ನು ಹುಡುಕುವುದರಲ್ಲಿ ಥೆಲ್ಮಾಳದು ಒಳ್ಳೆ ಪಳಗಿದ ಕೈ.

ಅವಳು ಸ್ಟೂಲಿನ ಎತ್ತರ ಸರಿಮಾಡಿಕೊಳ್ಳುವಾಗ ಬಾಗಿಲು ತೆರೆಯಿತು. ಫೇರ್‌ಬರ್ನ್ ಬಂದ. ಅವನ ತೋಳು ಹಿಡಿದು ಕೋಲೂರುತ್ತಾ ಬಂದವರು ಪಾದ್ರಿಯಲ್ಲ, ಮಿಸ್ ಬ್ಯಾರಕ್ಲೋ.

"ಪಾದ್ರಿಗಳಿಗೆ ಯಾವುದೋ ಮದುವೆಯಂತೆ," ಎಂದ ಫೇರ್‌ಬರ್ನ್, ಬೆಣ್ಣೆಯಂಥ ದನಿಯಲ್ಲಿ. "ಅವರ ಬದಲು ನಮ್ಮ ಸಂಘದ ಗೌರವ ಉಪಾಧ್ಯಕ್ಷೆ. ಇವರಿಗಿಂತ ಯೋಗ್ಯರು ಯಾರಿದ್ದಾರೆ?"

ಥೆಲ್ಮಾಳಿಗೆ ಸಂಚು ಹೊಳೆಯಿತು. ಕ್ರಾಗ್‌ಡೆನ್ನಿನಲ್ಲಿ ಪಿಯಾನೊ ಕಲಿತವರೆಲ್ಲ ಆ ಮುಖ ನೋಡಿಯೇ ಕಲಿತವರು. ತಪ್ಪು ಸ್ವರ ಬಿದ್ದರೆ ಎಡಗಡೆ ಹುಬ್ಬು ಮೇಲೇರುತ್ತಿತ್ತು. ಚೆನ್ನಾಗಿ ಬಂದರೆ ಗಲ್ಲ ಅದುರುತ್ತಿತ್ತು. ತನ್ನ ಮನಸ್ಸನ್ನು ಮುಖದಿಂದ ಒಂದಿಷ್ಟೂ ಮುಚ್ಚಿಡಲಾರದ ಹೆಂಗಸು. ಫೇರ್‌ಬರ್ನ್ ಕೂಡ ಚಿಕ್ಕಂದಿನಲ್ಲಿ ಎರಡು ಚಳಿಗಾಲ ಅವರ ಮನೆಗೆ ಪಾಠಕ್ಕೆ ಹೋಗಿದ್ದವನೇ. ತನ್ನ ಕೂಸನ್ನು ಜೀವಮಾನದಲ್ಲಿ ಮೊದಲ ಸಲ ಊರ ನಡುವೆ ಕೇಳುವಾಗ ಆ ಮುಖ ಏನಾಗುತ್ತದೋ, ಗೂಡಿನೊಳಗೆ ಮೊಣಕೈ ದೂರದಲ್ಲಿ ಕೂತು ಅವನು ಓದಿಕೊಳ್ಳುತ್ತಾನೆ. ಕಿವಿಯೇ ಬೇಕಾಗಿಲ್ಲ.

"ಮಾವಾ! ಇದು ಮೋಸ. ನಿಲ್ಲಿಸು."

"ಅವರ ಕೈ ಗೂಡಿನ ಬಟ್ಟೆ ಮುಟ್ಟಿಬಿಡ್ತಲ್ಲೇ," ಎಂದ ಆರ್ನಲ್ಡ್. ಮುಖ ಅವನ ಅಂಗಿಗಿಂತ ಕೆಂಪಾಗಿತ್ತು. "ತೀರ್ಪುಗಾರರ ಕೈ ಬಟ್ಟೆಗೆ ಬಿದ್ದ ಮೇಲೆ ತಕರಾರು ಎತ್ತೋ ಹಾಗಿಲ್ಲ. ನಾನೇ ಮಾಡಿಸಿದ ನಿಯಮ. ನನ್ನ ಬಾಯಿಗೆ ಇಷ್ಟು ಮಣ್ಣು ಹಾಕ!"

ಮಿಸ್ ಬ್ಯಾರಕ್ಲೋ ಗೂಡಿನ ಬಾಗಿಲಲ್ಲಿ ಒಂದು ಕ್ಷಣ ತಿರುಗಿ ಥೆಲ್ಮಾಳ ಕಡೆ ನೋಡಿದರು. "ಬೆನ್ನು ನೆಟ್ಟಗೆ," ಎಂದರು. ಬಟ್ಟೆ ಇಳಿಯಿತು. ಸೀಟಿ ಕೇಳಿತು.

ವಿಯೆನ್ನಾವನ್ನು ಥೆಲ್ಮಾ ಹೇಗೆ ನುಡಿಸಿದಳೋ ಅವಳಿಗೇ ಗೊತ್ತಿಲ್ಲ. ಮನಸ್ಸು ಕರಿಬಟ್ಟೆಯೊಳಗಿತ್ತು. ಎರಡನೆಯ ಸೀಟಿ ಕೇಳಿತು. ಸುಮ್ಮನೆ ಸಪ್ಪೆಯಾಗಿ ನುಡಿಸಿಬಿಟ್ಟರೆ ಹೇಗೆ ಎಂಬ ಯೋಚನೆ ಒಂದು ಗಳಿಗೆ ಬಂತು. ಸಪ್ಪೆ ಮಾಡಿದರೆ ಆ ಗಲ್ಲ ಅದುರುವುದಿಲ್ಲ, ಗುಟ್ಟು ಹೊರಬೀಳುವುದಿಲ್ಲ. ಮರುಗಳಿಗೆ ತನ್ನ ಮೇಲೇ ಅಸಹ್ಯವಾಯಿತು. ದಿಂಬಿನೊಳಗೆ ಅಷ್ಟು ವರ್ಷ ಉಸಿರು ಹಿಡಿದು ಮಲಗಿದ್ದ ಸಂಗೀತ ಇದು. ಇವತ್ತು ಬಾಗಿಲು ತೆರೆದಿದೆ. ಕುಂಟಿಸುತ್ತಾ ಕರೆತರುವುದೇ? ಗುಟ್ಟು ರಟ್ಟಾದರೆ ಆಗಲಿ. ಅವಳು ಬೆನ್ನು ನೆಟ್ಟಗೆ ಮಾಡಿ ಎರಡೂ ಕೈ ಬೀಸಿದಳು.

ಮೊದಲು ಒಂದೇ ಸ್ವರ, ಟಕ್, ಟಕ್, ನಸುಕಿನಲ್ಲಿ ಗಿರಣಿಯವರನ್ನು ಉದ್ದನೆ ಕೋಲಿನಿಂದ ಕಿಟಕಿ ಬಡಿದು ಎಬ್ಬಿಸುವವನ ಹಾಗೆ. ಆಮೇಲೆ ಎಡಗೈಯಲ್ಲಿ ಒಂದು ಜೊತೆ ಕಾಲು. ಇನ್ನೊಂದು ಜೊತೆ. ಬೀದಿ ತುಂಬ ಕಾಲು. ಕಬ್ಬಿಣದ ಪಟ್ಟಿ ಹೊಡೆದ ಮರದ ಬೂಟುಗಳು ಕಲ್ಲುಹಾಸಿನ ಮೇಲೆ ಇಳಿಜಾರಿನಲ್ಲಿ ಧಡಧಡ ಇಳಿಯುತ್ತಿದ್ದವು. ಬಲಗೈಯಲ್ಲಿ ಹುಡುಗಿಯರು ಬೇಕೆಂದೇ ಹಿಮ್ಮಡಿ ಜಾರಿಸಿ ಕಿಡಿ ಹಾರಿಸುತ್ತಿದ್ದರು. ಕೂಲಿಯಿಲ್ಲದ ಆ ಚಳಿಗಾಲದಲ್ಲಿ, ಬೀಗ ತೆಗೆಯುವ ದಿನ ಬರುತ್ತದೆ, ಎಲ್ಲರೂ ಒಟ್ಟಿಗೆ ತಲೆ ಎತ್ತಿಕೊಂಡು ಒಳಗೆ ಹೋಗುತ್ತೇವೆ ಎಂದು ಒಬ್ಬ ಹೆಂಗಸು ಊಹಿಸಿ ಬರೆದ ಮೆರವಣಿಗೆ ಅದು. ಅಳು ಒಂದು ಹನಿಯೂ ಇರಲಿಲ್ಲ ಅದರಲ್ಲಿ. ನಗೆಯಿತ್ತು, ಸೊಕ್ಕಿತ್ತು.

ಹಾಲ್‌ನಲ್ಲಿ ಕೂತವರಿಗೆ ಸಂಗೀತದ ಎರಡನೆಯ ಸಾಲಿಗೇ ಇದು ತಮ್ಮ ಬೀದಿಯ ಸದ್ದೆಂದು ತಿಳಿದುಹೋಯಿತು. ಥೆಲ್ಮಾ ಕಣ್ಣಂಚಿನಲ್ಲಿ ನೋಡಿದಳು. ಮುಂದಿನ ಸಾಲಿನ ಮುದುಕಿಯೊಬ್ಬಳ ಬಲಗಾಲು ತಾನಾಗೇ ಮೇಲೆದ್ದಿತ್ತು. ಪಕ್ಕದವಳು ಅದನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದಳು. ಒಬ್ಬ ಕರವಸ್ತ್ರವನ್ನು ಬಾಯೊಳಗೆ ತುರುಕಿಕೊಂಡಿದ್ದ. ಒಂದೇ ಒಂದು ಹಿಮ್ಮಡಿ ನೆಲಕ್ಕೆ ಬಿದ್ದರೂ ಗೂಡಿನೊಳಗಿನವನಿಗೆ ಗೊತ್ತಾಗಿಬಿಡುತ್ತಿತ್ತು. ಆರ್ನಲ್ಡ್ ಎರಡೂ ಕೈ ಅಗಲಿಸಿ, ಕಣ್ಣು ಕೆಕ್ಕರಿಸಿ, ಇಡೀ ಊರನ್ನು ಗಾಳಿಯಲ್ಲೇ ಅದುಮಿ ಕೂರಿಸಿದ್ದ. ಅಷ್ಟು ಜನರ ಕುಣಿಯುವ ಕಾಲುಗಳು ಬೂಟಿನೊಳಗೇ ಬೆರಳು ಮಡಚಿ ಬಿಚ್ಚಿ ತೃಪ್ತಿಪಟ್ಟವು. ಮುಗಿದಾಗ ಯಾರೂ ಉಸಿರು ಬಿಡಲಿಲ್ಲ. ಗೂಡಿನಿಂದ ಮೂರನೆಯ ಸೀಟಿ.

ಪ್ಯಾರಿಸ್ ಹೋಯಿತು. ಲೈಪ್‌ಜಿಗ್ ಬಂತು. ಆ ಹೊತ್ತಿಗೆ ಥೆಲ್ಮಾಳ ಕೈ ಸೋತಿತ್ತು. ಎಡಗೈ ಅಲ್ಲಲ್ಲಿ ಮಣ್ಣು ಮುಕ್ಕಿತು. ಕೊನೆಯ ಸ್ವರ ಆರಿದ ಮೇಲೆ ಗೂಡಿನ ಬಟ್ಟೆ ಸರಿಯಿತು.

ಮಿಸ್ ಬ್ಯಾರಕ್ಲೋ ಹೊರಬಂದರು. ಕಣ್ಣು ಕೆಂಪಗೆ ಊದಿತ್ತು. ಕೆನ್ನೆ ಒದ್ದೆ. ಥೆಲ್ಮಾ ಸ್ಟೂಲಿನಿಂದ ಎದ್ದಳು. ಮುಗಿಯಿತು. ಅವರ ಹಿಂದೆ ಫೇರ್‌ಬರ್ನ್ ಮದುಮಗನ ಹಾಗೆ ಬಂದ.

"ಸ್ನೇಹಿತರೇ, ಇದೇನೂ ಕಷ್ಟವಾಗಲಿಲ್ಲ," ಎಂದ. "ಎರಡನೆಯದರ ಬಗ್ಗೆ ಮೊದಲು ಒಂದು ಮಾತು. ಅದು ವಿಯೆನ್ನಾ. ಆ ರಕ್ತದಲ್ಲೇ ಕುಣಿತ ಇರುತ್ತೆ. ಅದನ್ನ ಬರೆದ ಕೈ ಗಿರಣಿ ಚಿಮಣಿಯನ್ನ ಕನಸಲ್ಲೂ ಕಂಡಿರಲಾರದು."

ಯಾರೋ ಕಿಸಕ್ಕೆಂದರು. ಆರ್ನಲ್ಡ್ ಅವರತ್ತ ಕಣ್ಣು ಬಿಟ್ಟ.

"ನಾಲ್ಕನೆಯದು," ಫೇರ್‌ಬರ್ನ್ ಮಿಸ್ ಬ್ಯಾರಕ್ಲೋ ಕಡೆ ತಲೆ ಬಾಗಿಸಿದ, "ನಾಲ್ಕನೆಯದೇ ನಮ್ಮದು. ಮಂಜು, ಮಳೆ, ಮರ್ಯಾದಸ್ಥರ ದುಃಖ. ಒದ್ದೆ ಉಣ್ಣೆ. ಶ್ರದ್ಧೆ ಮೆಚ್ಚತಕ್ಕದ್ದು, ಆದರೆ ಹಬ್ಬಕ್ಕೆ ಆಗೋದಿಲ್ಲ."

ಆರ್ನಲ್ಡ್ ನಿಧಾನವಾಗಿ ಟೋಪಿ ತೆಗೆದ. ಲಕೋಟೆ ಒಡೆದ. ಓದಲು ಹೋದ, ಆಗಲಿಲ್ಲ, ನಗುವಿಗೆ ಹೊಟ್ಟೆ ಕುಲುಕುತ್ತಿತ್ತು. ಹಾಳೆಯನ್ನು ಫೇರ್‌ಬರ್ನ್ ಕೈಗೇ ಕೊಟ್ಟ. "ನೀವೇ ಗಟ್ಟಿಯಾಗಿ ಓದಿ, ಸಾಹೇಬ್ರೇ. ನಾಲ್ಕನೆಯದು ಲೈಪ್‌ಜಿಗ್. ಆ ಕುಣಿತ ಇತ್ತಲ್ಲ, ನಿಮ್ಮ ವಿಯೆನ್ನಾ, ಅದು ನಿಮ್ಮ ತಾತನ ಗಿರಣಿಗೆ ಹೋಗ್ತಿದ್ದ ನಮ್ಮವ್ವಂದಿರ ಕಾಲು. ನೀವು ಹೆಂಗೆ ಕೇಳಿರ್ತೀರಿ, ಆ ಹೊತ್ತಲ್ಲಿ ನೀವಿನ್ನೂ ಮಲಗಿರ್ತಿದ್ರಿ!"

ಹಾಲ್ ಒಡೆದುಹೋಯಿತು. ಕುರ್ಚಿಗಳು ಬಿದ್ದವು. ಅದುಮಿಟ್ಟ ಕಾಲುಗಳೆಲ್ಲ ಒಮ್ಮೆಲೇ ನೆಲ ಗುದ್ದಿದವು. ಫೇರ್‌ಬರ್ನ್ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಆದ್ರೆ ಮೇಡಂ," ಅವನ ದನಿ ಎರಡು ಚಳಿಗಾಲ ಪಾಠಕ್ಕೆ ಬಂದಿದ್ದ ಹುಡುಗನದಾಗಿತ್ತು, "ಎರಡನೆಯದಕ್ಕೆ ನೀವು ಬ್ಯಾಗಿನಲ್ಲಿ ಪೆಪ್ಪರ್‌ಮಿಂಟು ಹುಡುಕ್ತಾ ಇದ್ರಿ. ನಾಲ್ಕನೆಯದಕ್ಕೆ ಅಳ್ತಾ ಇದ್ರಿ!"

"ಅತ್ತೆ. ಹೌದು," ಎಂದರು ಮಿಸ್ ಬ್ಯಾರಕ್ಲೋ. "ಮಾತಾಡಬಾರದು ಅಂತ ನಿಯಮ. ಅಳಬಾರದು ಅಂತಿಲ್ಲ. ಚಿಕ್ಕಂದಿನಿಂದ ನೀನು ಹೀಗೇ ಕಣೋ ಡೆಸ್ಮಂಡ್. ಸ್ವರ ಓದು ಅಂತ ಹಾಳೆ ಮುಂದಿಟ್ರೆ ನನ್ನ ಮುಖ ಓದ್ತಿದ್ದೆ. ಇವತ್ತಾದ್ರೂ ಕಿವಿ ಉಪಯೋಗಿಸ್ತೀಯೇನೋ ಅಂತ ಕಾದೆ. ಊಹ್ಞೂ."

ಥೆಲ್ಮಾ ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡಳು. ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬರುತ್ತಿತ್ತು. "ಹೇಗೆ ತಡ್ಕೊಂಡ್ರಿ ಮೇಡಂ? ನಿಮ್ಮ ಮುಖ ನಂಗೊತ್ತಿಲ್ವಾ! ನಾಲ್ಕನೆಯದಕ್ಕೆ ಬೇಕೂಂತ ಕಣ್ಣೀರು ಹಾಕಿದ್ರಾ?"

"ಬೇಕೂಂತ ಯಾಕೆ ಹಾಕ್ಲಿ? ಆ ಲೈಪ್‌ಜಿಗ್ ಮಾಸ್ತರನ ಪಾಡು ನೋಡಿ ನಿಜವಾಗ್ಲೂ ಅತ್ತೆ. ಎಡಗೈಯೇನೇ ಅದು? ಇಷ್ಟು ವರ್ಷ ದೇಶ ಸುತ್ತಿ ಇದನ್ನಾ ಕಲ್ತಿದ್ದು?"

ಥೆಲ್ಮಾ ಅವರ ಮುಖವನ್ನೇ ನೋಡಿದಳು. ಹುಬ್ಬು ಅಲುಗಲಿಲ್ಲ. ಗಲ್ಲ ಅಲುಗಲಿಲ್ಲ. ಮೂರು ತಲೆಮಾರು ಓದಿದ್ದ ಆ ಪುಸ್ತಕ ಇವತ್ತು ಯಾರಿಗೂ ತೆರೆದುಕೊಳ್ಳುವಂತಿರಲಿಲ್ಲ.

"ಮತ್ತೆ ನಿಮ್ಮದು? ಅದು ಹೇಗಿತ್ತು?"

"ಆ ಗೂಡಿನೊಳಗೆ ಏನು ಕೇಳುತ್ತೆ? ಗೋಣಿಚೀಲದಲ್ಲಿ ತಲೆ ಹಾಕ್ಕೊಂಡ ಹಾಗಿತ್ತು. ಅದರ ಮೇಲೆ ಇವನ ಮೂಗಿನ ಸದ್ದು ಬೇರೆ." ಅವರು ಕೋಲಿನಿಂದ ಮುಂದಿನ ಸಾಲಿನ ಕುರ್ಚಿಯೊಂದನ್ನು ತಟ್ಟಿದರು. ಕೂತಿದ್ದವನು ಎದ್ದ. "ಹಬ್ಬ ಬರೋವಾಗ ಬರಲಿ. ನಂಗೆ ಈಗಲೇ ಸರಿಯಾಗಿ ಕೇಳಬೇಕು. ನುಡಿಸು."

"ಕಾಲು ಬಿಡಬಹುದಾ ಮೇಡಂ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಬಿಡದೆ ಇದ್ದೋರನ್ನ ಹೊರಗೆ ಹಾಕ್ತೀನಿ."

ಥೆಲ್ಮಾ ಕೂತಳು. ಟಕ್, ಟಕ್. ಕಿಟಕಿ ಬಡಿಯುವ ಕೋಲು. ಮೊದಲ ಜೊತೆ ಕಾಲಿಗೆ ಮುಂದಿನ ಸಾಲಿನ ಮುದುಕಿಯ ಬಲಗಾಲು ಸೇರಿತು. ಆಮೇಲೆ ಸಾಲು ಸಾಲಾಗಿ ಎಲ್ಲರದೂ. ಟೀ ಹಂಡೆಯ ಮುಚ್ಚಳ ಗದಗುಟ್ಟಿತು. ಗೂಡಿನ ಮರ ಕಿರುಗುಟ್ಟಿತು. ಹೊರಹೋಗಲು ದಾರಿ ಸಿಗದೆ ಗೋಡೆಗೊರಗಿ ನಿಂತಿದ್ದ ಫೇರ್‌ಬರ್ನ್ ಕೈಗೆ ಯಾರೋ ಟೀ ಕಪ್ಪು ಕೊಟ್ಟಿದ್ದರು. ಅವನು ಅಲ್ಲಾಡದೆ ನಿಂತಿದ್ದರೂ ಕಪ್ಪು ಮಾತ್ರ ಸಾಸರಿನ ಮೇಲೆ ತಾಳ ತಪ್ಪದೆ ಕುಣಿಯುತ್ತಿತ್ತು. ಥೆಲ್ಮಾ ಜೋರಾಗಿ ನಗುತ್ತಲೇ ನುಡಿಸಿದಳು. ವಿಯೆನ್ನಾದ ಚಪ್ಪಾಳೆಯೆಲ್ಲ ಸೇರಿಸಿದರೂ ಈ ಕಾಲುಗಳ ಸದ್ದಿಗೆ ಸಮವಿರಲಿಲ್ಲ. ಬೀದಿ ಇಳಿಜಾರಿನಲ್ಲಿ ಓಡಿತು, ಕಿಡಿ ಹಾರಿತು, ಗಿರಣಿಯ ಬಾಗಿಲು ಇನ್ನೇನು ಕಂಡಿತು—

ಕೋಲು ನೆಲಕ್ಕೆ ಬಡಿಯಿತು.

"ನಿಲ್ಸು, ನಿಲ್ಸು!" ಇಡೀ ಹಾಲ್ ಕಾಲು ಗಾಳಿಯಲ್ಲಿಟ್ಟುಕೊಂಡು ನಿಂತಿತು. ಮಿಸ್ ಬ್ಯಾರಕ್ಲೋ ಎದ್ದು ನಿಂತಿದ್ದರು. ಎಡಗಡೆ ಹುಬ್ಬು ನೆತ್ತಿಗೇರಿತ್ತು. ಗಲ್ಲ ತಡೆಯಲಾರದೆ ಅದುರುತ್ತಿತ್ತು. "ಬಾಗಿಲ ಹತ್ರ ಬಂದಾಗ ಓಡಬಾರದು ಕಣೇ. ಅಲ್ಲಿ ಎಲ್ಲರೂ ಒಂದಾಗಿ ನಡೀಬೇಕು. ಒಬ್ಬರೂ ಹಿಂದೆ ಉಳೀಬಾರದು. ಮತ್ತೆ ಮೊದಲಿಂದ. ಬೆನ್ನು ನೆಟ್ಟಗೆ."

"ಆಯ್ತು ಮೇಡಂ," ಎಂದಳು ಥೆಲ್ಮಾ, ಐವತ್ತು ದಾಟಿದ ಹುಡುಗಿ, ಮತ್ತೆ ಮೊದಲ ಸ್ವರಕ್ಕೆ ಬೆರಳಿಟ್ಟಳು.